ಬೈಯಲು ಕಲಿತ ಮರಾಠಿ

ಪಾರವ್ವ ಮರಾಠಿ ಕಲಿತದ್ದು ಬೈಯಲಿಕ್ಕೆ. ಪುಣೆಗೆ ಬಂದವರು ತರಕಾರಿ ಕೊಳ್ಳಲು ಕಲಿಯುತ್ತಾರೆ, ಬಸ್ಸು ಹತ್ತಲು ಕಲಿಯುತ್ತಾರೆ, ಸಾಹೇಬರ ಮರ್ಜಿ ಹಿಡಿಯಲು ಕಲಿಯುತ್ತಾರೆ. ಇವಳಿಗೆ ಆ ಭಾಷೆಯ ಮೊದಲ ಮಾತು ಬೇಕಾದದ್ದು ಭವಾನಿ ಪೇಠದ ಸಾರ್ವಜನಿಕ ನಳದ ಮುಂದೆ, ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದ ರಂಗೂಬಾಯಿಯ ಮಾನ ಹರಾಜು ಹಾಕಲಿಕ್ಕೆ. ‘ನಿನ್ನ ಗಂಡ ನನ್ನ ಅಪ್ಪ, ಅವ್ವ, ತಮ್ಮ ಮೂವರನ್ನೂ ಕೊಂದ’ ಎಂಬ ವಾಕ್ಯವನ್ನು ಪಕ್ಕದ ಮನೆಯವಳಿಂದ ಹೇಳಿಸಿಕೊಂಡು, ಬಾಯಿಪಾಠ ಮಾಡಿ, ಹೋಗಿ ಒದರಿ ಬಂದಳು. ಉಳಿದ ಮರಾಠಿ ಆಮೇಲೆ ತಾನಾಗಿಯೇ ಬಂತು.

ಅದು ತೊಂಬತ್ತಾರನೆಯ ಇಸವಿ. ಅಪ್ಪ ಹೊಳಬಸಪ್ಪ, ಕಾಕಾ ಈರಬಸಪ್ಪ, ಇಬ್ಬರೂ ಬೈಲಹೊಂಗಲದಿಂದ ಬಂದ ಅಣ್ಣತಮ್ಮಂದಿರು. ಪೇಠದಲ್ಲಿ ಬೆಲ್ಲ ಮತ್ತು ಬ್ಯಾಡಗಿ ಮೆಣಸಿನಕಾಯಿಯ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಹೊಳಬಸಪ್ಪನ ಮನೆ; ಈರಬಸಪ್ಪ ಪದ್ಮಾವತಿ ಬಡಾವಣೆಯಲ್ಲಿ ಬೇರೆ ಮನೆ ಕಟ್ಟಿಕೊಂಡಿದ್ದ. ಪಾರವ್ವ ಊರಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಅಜ್ಜಿ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ದಿನ ನೆರೆಯ ಹೆಂಗಸರ ಜೊತೆ ಸಾಸವಡಕ್ಕೆ ಸಂತರ ಪಾಲಖಿ ಮೆರವಣಿಗೆ ನೋಡಲು ಹೋಗಿದ್ದಳು. ಸಂಜೆ ಪ್ರಸಾದದ ಪುಡಿಕೆ ಹಿಡಿದು ಹಿತ್ತಿಲ ಬಾಗಿಲಿಂದ ಬಂದರೆ, ತಾಯಿ ಅವ್ವಮ್ಮ ಒಲೆಯ ಮುಂದೆ ಬಿದ್ದಿದ್ದಳು, ತಮ್ಮ ಮಾಂತು ಮೆಟ್ಟಿಲ ಮೇಲೆ, ಅಪ್ಪ ನಡುಮನೆಯಲ್ಲಿ. ಬೆಲ್ಲದ ಪೆಂಟಿ ಒಡೆಯುವ ಕಬ್ಬಿಣದ ಸಲಾಕೆ ಪಕ್ಕದಲ್ಲೇ ಬಿದ್ದಿತ್ತು. ತಿಜೋರಿ ಬಾಯಿ ತೆರೆದಿತ್ತು.

ಎದೆ ಒಡೆದು ಹೋಗುವ ಆ ಹೊತ್ತಿನಲ್ಲೂ ಅವಳ ಕಣ್ಣಿಗೊಂದು ಸಂಗತಿ ಬಿತ್ತು. ಅಪ್ಪನ ಕೊರಳು ಬರಿದಾಗಿತ್ತು. ಶಿವದಾರ ಹರಿದಿತ್ತು, ಲಿಂಗ ಇಡುವ ಬೆಳ್ಳಿಯ ಕರಡಿಗೆ ಮಾಯವಾಗಿತ್ತು. ಆದರೆ ಅದರೊಳಗಿನ ಇಷ್ಟಲಿಂಗ ಎಲ್ಲೂ ಹೋಗಿರಲಿಲ್ಲ. ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕ, ಮಡಿಸಿಟ್ಟ ಬಟ್ಟೆಯ ಮೇಲೆ ಕೂತಿತ್ತು. ಯಾರೋ ಅದನ್ನು ನೀರಲ್ಲಿ ತೊಳೆದಿದ್ದರು, ಬಟ್ಟೆ ಇನ್ನೂ ಹಸಿಯಾಗಿತ್ತು. ಮೂರು ಹೆಣ ಕೆಡವಿದವನಿಗೆ ಲಿಂಗಕ್ಕೆ ಮೈಲಿಗೆಯಾದೀತೆಂಬ ಚಿಂತೆ.

ಪೊಲೀಸರು ಬಂದರು. ಅವರಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಬಾರದು. ಕಾಕಾ ಈರಬಸಪ್ಪ ಲೋಣಾವಳಾದಿಂದ ಆಗಷ್ಟೇ ಬಂದಿದ್ದ. ಅಲ್ಲಿಯ ಚಿಕ್ಕಿ ಅಂಗಡಿಗಳಿಗೆ ಇವರದೇ ಬೆಲ್ಲ ಹೋಗುತ್ತಿತ್ತು. ಬೆಳಿಗ್ಗೆಯಿಂದ ಅಲ್ಲೇ ಇದ್ದೆ ಅಂದ. ಅವಳ ತಲೆಯ ಮೇಲೆ ಕೈಯಿಟ್ಟು, ಕಂಡದ್ದೆಲ್ಲ ಹೇಳು ಮಗಳೇ, ನಾನು ಇವರಿಗೆ ತಿಳಿಸುತ್ತೇನೆ ಎಂದ. ಅವಳು ಅಳುತ್ತ ಹೇಳಿದಳು. ಲಿಂಗ ಜಗಲಿಯ ಮೇಲಿತ್ತು, ತೊಳೆದಿತ್ತು ಎಂಬುದನ್ನು ಎರಡು ಸಲ ಹೇಳಿದಳು. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸಿದ, ಪೊಲೀಸರು ಬರೆದುಕೊಂಡರು. ಮರುದಿನ ರುದ್ರಭೂಮಿಯಲ್ಲಿ ಅಯ್ಯನವರು ಆ ಲಿಂಗವನ್ನು ಅಪ್ಪನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಮಣ್ಣು ಮುಚ್ಚಿತು.

ವಾರದೊಳಗೆ ರಂಗೂಬಾಯಿಯ ಗಂಡ ಪಂಢರಿನಾಥನನ್ನು ಹಿಡಿದರು. ಹತ್ತು ವರ್ಷದಿಂದ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲ ಅವನು. ಪಾರವ್ವನಿಗೆ ಸೋಜಿಗವಾಗಿ, ಹಮಾಲನಿಗೆ ನಮ್ಮ ಲಿಂಗದ ಉಸಾಬರಿ ಯಾಕೆ ಅಂತ ಕಾಕಾನನ್ನು ಕೇಳಿದಳು. ಕಾಕಾನ ಉತ್ತರ ತಯಾರಿತ್ತು.

“ಹತ್ತು ವರ್ಷ ನಮ್ಮನ್ಯಾಗ ಉಂಡವ ಪಾರೂ, ನಮ್ಮ ರೀತಿ ರಿವಾಜು ಎಲ್ಲಾ ಗೊತ್ತದ ಅವಗ. ನಮ್ಮವರೇ ಮಾಡ್ಯಾರ ಅಂತ ಮಂದಿ ತಿಳೀಲಿ ಅಂತ ಹಂಗ ಇಟ್ಟಾನ. ಭಾಳ ಕಪಟಿ.”

ಅವಳು ನಂಬಿದಳು. ಇಪ್ಪತ್ತು ವರ್ಷದ ಹುಡುಗಿಗೆ ನಂಬಲು ಭೂಮಿಯ ಮೇಲೆ ಉಳಿದಿದ್ದವನು ಅವನೊಬ್ಬನೇ. ಆಮೇಲೆಯೇ ನಳದ ಮುಂದಿನ ಆ ಮರಾಠಿ ಶುರುವಾದದ್ದು. ರಂಗೂಬಾಯಿ ಒಂದು ದಿನವೂ ತಿರುಗಿ ಬೈಯಲಿಲ್ಲ, ಕೊಡ ತುಂಬದಿದ್ದರೂ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಅದನ್ನು ಕಂಡ ಪೇಠದ ಹೆಂಗಸರು ತಪ್ಪಿತಸ್ಥೆ, ಅದಕ್ಕೇ ಬಾಯಿಲ್ಲ ಎಂದರು. ಪಾರವ್ವನೂ ಹಾಗೇ ಅಂದುಕೊಂಡಳು. ಒಂದೂವರೆ ವರ್ಷದ ಮೇಲೆ ಸಾಕ್ಷಿ ಸಾಲದೆ ಪಂಢರಿನಾಥ ಹೊರಬಂದ. ಲಾಕಪ್ಪಿನ ಏಟಿಗೆ ಬೆನ್ನು ಹೋಗಿತ್ತು, ಮೂಟೆ ಹೊರಲಾಗದು; ಹೊರುತ್ತೇನೆಂದರೂ ಕೊಲೆಗಾರನಿಗೆ ಕೆಲಸ ಕೊಡುವವರು ಯಾರು. ಎರಡು ಸಾವಿರದ ಒಂದರಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಆ ದಿನ ಪಾರವ್ವ ಹೋಳಿಗೆ ಮಾಡಿ, ಮೊದಲ ಎಡೆ ಕಾಕಾನಿಗೆ ಕೊಟ್ಟಳು. ಅವನು ತುಪ್ಪ ಹಾಕಿಸಿಕೊಂಡು ತಿಂದ.

ಕಾಕಾ ಅವಳನ್ನು ಕೈಬಿಡಲಿಲ್ಲ, ಅದನ್ನು ಒಪ್ಪಲೇಬೇಕು. ತನ್ನ ಮನೆಯ ಕೆಳಗಿನ ಎರಡು ಖೋಲಿ ಬಿಟ್ಟುಕೊಟ್ಟ. ಮೂರು ಹೆಣ ಬಿದ್ದ ಮನೆಯ ಹುಡುಗಿಗೆ ವರ ಸಿಗಲಿಲ್ಲ. ಅವಳು ಅಲ್ಲಿಯೇ ರೊಟ್ಟಿಯ ಖಾನಾವಳಿ ಹಾಕಿದಳು. ಅಂಗಡಿ ಪೂರಾ ಕಾಕಾನದಾಯಿತು. ವ್ಯಾಪಾರ ಬೆಳೆಯಿತು, ಸಮಾಜದ ಸಭೆಗಳಲ್ಲಿ ಅವನಿಗೆ ಮೊದಲ ಕುರ್ಚಿ. ಪ್ರತಿ ದೀಪಾವಳಿಗೆ ಪಾರವ್ವ ಅವನ ಕಾಲಿಗೆ ಬೀಳುತ್ತಿದ್ದಳು. ಅವಳಿಗೆ ಜೀವನದಲ್ಲಿ ಬೇಕಾದದ್ದು ಒಂದೇ ಉಳಿದಿತ್ತು. ಸಾಯುವುದರೊಳಗೆ, ಕೊಂದವನು ಇಂಥವನೇ ಎಂದು ಸರಕಾರ ಬಾಯಿಬಿಟ್ಟು ಹೇಳಬೇಕು. ಪಂಢರಿನಾಥ ಸತ್ತಮೇಲೂ ಆ ಆಸೆ ಸಾಯಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಹಳೆಯ ಕೊಲೆಗಳನ್ನು ಮತ್ತೆ ತನಿಖೆ ಮಾಡಬೇಕೆಂದು ಮೇಲಿಂದ ಆದೇಶ ಬಂತು. ಅವಧೂತ ಪಾಟಣಕರ ಎಂಬ ಇನ್ಸ್‌ಪೆಕ್ಟರ್ ಖಾನಾವಳಿಗೆ ಬಂದು ಕೂತ. ವಯಸ್ಸಿನಲ್ಲಿ ಚಿಕ್ಕವನು, ಮಾತು ಮೆತ್ತಗೆ. ಪಾರವ್ವ ಹಿಟ್ಟು ನಾದುತ್ತಲೇ ಸಲೀಸಾಗಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಕರಡಿಗೆಗೆ ಹಳೆಯ ಫೈಲಿನಲ್ಲಿ ತಾಯತ ಎಂದು ಬರೆದಿತ್ತು. ಕಳುವಾದ ಆ ಬೆಳ್ಳಿಯ ತಾಯತ ಎಲ್ಲಾದರೂ ಸಿಕ್ಕರೆ ಗುರುತು ಹಿಡಿಯಬೇಕಲ್ಲ, ಅದರ ಜೊತೆ ಹೋದ ಕಲ್ಲಿಗೆ ಏನಾದರೂ ಗುರುತಿತ್ತೇ ಎಂದು ಅವನು ಕೇಳಿದ.

“ಕಲ್ಲು ಹೋಗಿರಲಿಲ್ಲ ಸಾಹೇಬರೇ. ತೊಳೆದು ಜಗಲಿಯ ಮೇಲೆ ಇಟ್ಟಿದ್ದರು. ಅದನ್ನೇ ಅಪ್ಪನ ಕೈಯಲ್ಲಿಟ್ಟು ಮಣ್ಣು ಕೊಟ್ಟೆವು. ಅವತ್ತೇ ಹೇಳಿದ್ದೆನಲ್ಲ.”

ಅವನು ಫೈಲಿನಿಂದ ತಲೆಯೆತ್ತಿದ. “ತಾಯತ ಕಲ್ಲಿನ ಸಮೇತ ಕಳುವಾಯಿತು ಅಂತ ಅವತ್ತಿನ ಹೇಳಿಕೆಯಲ್ಲಿ ನೀವು ಹೇಳಿದ್ದೀರಿ. ಪಂಢರಿನಾಥನ ಮೇಲೆ ಸಂಶಯ ಅಂತಲೂ ನೀವೇ ಹೇಳಿದ್ದೀರಿ.”

ಪಂಢರಿನಾಥನ ಹೆಸರನ್ನು ಅವಳು ಆ ದಿನ ಎತ್ತಿರಲೇ ಇಲ್ಲ. ಅಂಗಡಿಯ ಹಮಾಲನ ನೆನಪಾದರೂ ಯಾಕಾದೀತು ಆ ಹೊತ್ತಿಗೆ? ನಿಮ್ಮ ಮಾತನ್ನು ಮರಾಠಿಯಲ್ಲಿ ಹೇಳಿದವರು ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದ. ಪಾರವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅಪ್ಪ ಆ ತಿಂಗಳು ಮಾಂತುವನ್ನು ಅಂಗಡಿಯ ಹಣದ ಗಲ್ಲೆಯ ಮೇಲೆ ಕೂಡಿಸಿದ್ದು, ನಿನ್ನ ಪಾಲು ತಗೊಂಡು ಬೇರೆಯಾಗು ಎಂದು ಕಾಕಾನಿಗೆ ಅಂದದ್ದು, ಅವನು ಊಟ ಬಿಟ್ಟು ಎದ್ದು ಹೋದದ್ದು, ಎಲ್ಲ ನೆನಪಾಯಿತು. ಅವಳು ಎರಡು ಸಲ ಒತ್ತಿ ಹೇಳಿದ ಮಾತನ್ನೇ ಕಾಕಾ ನುಂಗಿ, ಹೇಳದ ಹೆಸರನ್ನು ಅವಳ ಬಾಯಿಗೆ ತುರುಕಿದ್ದ. ಕಳ್ಳತನ ಎನ್ನಿಸಲು ಬೆಳ್ಳಿ ಒಯ್ಯಬೇಕು. ಲಿಂಗ ಒಯ್ದರೆ, ಬಿಸಾಕಿದರೆ ನರಕ. ಹಾಗೆ ಹೆದರುವವನು ಹಮಾಲನಲ್ಲ, ದಿನಾ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವನು. ಕೊಲೆಗಾರನ ಗುರುತನ್ನು ಅವಳು ಕೊಲೆಗಾರನ ಕಿವಿಯಲ್ಲೇ ಹೇಳಿದ್ದಳು. ಹನ್ನೆರಡು ವರ್ಷ ಅವನ ಕಾಲಿಗೆ ಬಿದ್ದಿದ್ದಳು. ಅವಳು ಹಿಟ್ಟಿನ ಕೈ ತೊಳೆದುಕೊಂಡು ಎದ್ದಳು.

“ನಮ್ಮ ಕಾಕಾ,” ಎಂದಳು. “ಮೇಲೆ ಮಲಗಿದ್ದಾನೆ, ಬನ್ನಿ.”

ಈರಬಸಪ್ಪನಿಗೆ ಹಿಂದಿನ ವರ್ಷ ಲಕ್ವಾ ಹೊಡೆದಿತ್ತು. ಬಲಗೈ ಹೋಗಿತ್ತು, ಜೊತೆಗೆ ಮರಾಠಿಯೂ ಹೋಗಿತ್ತು. ಆಯುಷ್ಯವಿಡೀ ವ್ಯಾಪಾರ ಮಾಡಿದ ಭಾಷೆ ಒಂದೇ ಏಟಿಗೆ ಅಳಿಸಿ, ತೊದಲುವ ಬೈಲಹೊಂಗಲದ ಕನ್ನಡವಷ್ಟೇ ಉಳಿದಿತ್ತು. ಮಗ ರಾಜೀವ ಹಿಂಜವಾಡಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. ಮರಾಠಿ, ಇಂಗ್ಲಿಷಿನಲ್ಲಿ ಬೆಳೆದ ಅವನಿಗೆ ಅಪ್ಪನ ಮಾತು ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ದಿನಾ ರೊಟ್ಟಿ ನೆನೆಸಿ ಉಣಿಸುವ ಪಾರವ್ವನಿಗೆ ಮಾತ್ರ. ಹೀಗಾಗಿ ಇನ್ಸ್‌ಪೆಕ್ಟರ್ ಮರಾಠಿಯಲ್ಲಿ ಕೇಳುವುದು, ಅವಳು ಕನ್ನಡದಲ್ಲಿ ಕಾಕಾನಿಗೆ ಮುಟ್ಟಿಸುವುದು, ಅವನ ಉತ್ತರವನ್ನು ಮರಾಠಿಗೆ ತಿರುಗಿಸುವುದು ಎಂದಾಯಿತು. ರಜೆಯ ದಿನವಾದ್ದರಿಂದ ರಾಜೀವನೂ ಬಾಗಿಲಲ್ಲಿ ನಿಂತಿದ್ದ.

ಆ ದಿನ ಎಲ್ಲಿದ್ದೆ ಎಂದರೆ ಮುದುಕ ಲೋಣಾವಳಾ ಎಂದ. ಅಷ್ಟನ್ನು ಲಕ್ವಾ ಅಳಿಸಿರಲಿಲ್ಲ. ಅಣ್ಣನ ಕರಡಿಗೆಯ ಜೊತೆ ಲಿಂಗವನ್ನೂ ಒಯ್ದೆಯಾ ಎಂದು ಇನ್ಸ್‌ಪೆಕ್ಟರ್ ಕೇಳಿಸಿದ. ಜಾಣ ಪ್ರಶ್ನೆ. ಮುದುಕನ ಮುಖಕ್ಕೆ ರಕ್ತ ಏರಿತು. ಇಷ್ಟು ದೊಡ್ಡ ಅಪವಾದವನ್ನು ಯಾರೂ ಅವನ ಮೇಲೆ ಹೊರಿಸಿರಲಿಲ್ಲ.

“ಲಿಂಗಾ ಒಯ್ದಿಲ್ಲವಾ ನಾ. ತೊಳದು, ಜಗಲಿ ಮ್ಯಾಲ ಇಟ್ಟು, ಕೈ ಮುಗದು ಬಂದೀನಿ. ಅಷ್ಟು ಪಾಪಿ ಅಲ್ಲ ನಾ.”

ಏನಂದರು ಎಂದು ಇನ್ಸ್‌ಪೆಕ್ಟರ್ ಕೇಳಿದ. ಪಾರವ್ವ ಬೇಕಾದ್ದು ಹೇಳಬಹುದಿತ್ತು. ಸಲಾಕೆ ಎತ್ತಿದ್ದು, ಮಾಂತುವನ್ನು ಅಟ್ಟಿಸಿಕೊಂಡು ಹೋದದ್ದು, ಎಲ್ಲವನ್ನೂ ಅವನ ಬಾಯಿಗೆ ತುರುಕಬಹುದಿತ್ತು. ಅವನು ಹಾಗೆಯೇ ಮಾಡಿರಲಿಲ್ಲವೆ? ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅವನು ಆಡಿದ್ದಷ್ಟನ್ನೇ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ, ‘ಅಷ್ಟು ಪಾಪಿಯಲ್ಲ ನಾನು’ ಎಂಬುದನ್ನೂ ಬಿಡದೆ ಮರಾಠಿಯಲ್ಲಿ ಹೇಳಿದಳು. ಈರಬಸಪ್ಪ ತನ್ನ ಮಾತು ಸರಿಯಾಗಿ ಮುಟ್ಟಿತೆಂಬಂತೆ ತಲೆಯಾಡಿಸಿದ.

ಮೊದಲು ಬಾಯಿ ತೆರೆದವನು ರಾಜೀವ. ಇವಳೇ ಫಿರ್ಯಾದಿಯ ಕಡೆಯವಳು, ಇವಳೇ ದುಭಾಷಿ, ಇದು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದ. ಅಪ್ಪ ಕೊಂದನೇ ಎಂದು ಅವನು ಕೇಳಲಿಲ್ಲ. ನಿಲ್ಲುವುದಿಲ್ಲವೆಂದು ಇನ್ಸ್‌ಪೆಕ್ಟರನಿಗೂ ಗೊತ್ತಿತ್ತು.

ಕೆಲವು ದಿನದ ಮೇಲೆ ಇನ್ನೊಬ್ಬ ದುಭಾಷಿಯನ್ನು ಕರೆತಂದರು, ಕನ್ನಡ ಶಾಲೆಯ ನಿವೃತ್ತ ಮಾಸ್ತರು. ಅಷ್ಟರಲ್ಲಿ ರಾಜೀವ ಏನು ಹೇಳಿಕೊಟ್ಟಿದ್ದನೋ, ಮುದುಕನಿಗೆ ತಾನಾಗಿಯೇ ಬುದ್ಧಿ ಬಂದಿತ್ತೋ, ಮಾಸ್ತರು ಏನು ಕೇಳಿದರೂ ಈರಬಸಪ್ಪನದು ಒಂದೇ ಉಪಚಾರ. “ಬರ್ರಿ ಸರ, ಕೂಡ್ರಿ, ಚಾ ತಗೋರಿ.” ಮಾಸ್ತರು ಮೂರು ಕಪ್ ಚಹಾ ಕುಡಿದು ಎದ್ದರು. ಕಾಕಾ ಅವತ್ತು ಅಲ್ಲಿದ್ದನೋ ಇಲ್ಲವೋ ಹೇಳಬಲ್ಲ ಲೋಣಾವಳಾದ ಚಿಕ್ಕಿ ಅಂಗಡಿಯ ಯಜಮಾನ ಸತ್ತು ಎಷ್ಟೋ ಕಾಲವಾಗಿತ್ತು. ಅಪ್ಪನ ಗೋರಿ ಅಗೆಯಿರಿ, ಲಿಂಗ ಅಲ್ಲೇ ಇದೆ ಎಂದು ಪಾರವ್ವ ಗೋಗರೆದಳು. ಲಿಂಗ ಸಿಕ್ಕರೆ ನೀವು ನಿಜ ಹೇಳಿದಿರಿ ಎಂದಾಯಿತು, ಅವರು ಕೊಂದರು ಎಂದಾಗುವುದಿಲ್ಲ ಎಂದ ಪಾಟಣಕರ. ಫೈಲು ಮತ್ತೆ ಮುಚ್ಚಿತು. ಪತ್ತೆಯಾಗದ ಕೊಲೆಗಾರ ಎಂದೇ ಸರಕಾರ ಬರೆದುಕೊಂಡಿತು. ರಾಜೀವ ಖೋಲಿ ಖಾಲಿ ಮಾಡು ಎಂದ. ಅವಳು ಆ ದಿನವೇ ತವೆ, ಪಾತ್ರೆ ಕಟ್ಟಿದಳು.

ಅವಳು ಹೋಗಬೇಕಾದ ಮನೆ ಇನ್ನು ಒಂದೇ ಉಳಿದಿತ್ತು. ರಂಗೂಬಾಯಿ ಪೇಠದ ಅದೇ ಹಳೆಯ ಚಾಳದ ಒಂದು ಖೋಲಿಯಲ್ಲಿದ್ದಳು, ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದಳು. ಪಾರವ್ವ ಹೊಸ್ತಿಲಲ್ಲಿ ನಿಂತು, ನಿನ್ನ ಗಂಡ ಕೊಂದಿರಲಿಲ್ಲ, ಕೊಂದವನು ನನ್ನ ಕಾಕಾ, ನಾನು ನಿನ್ನನ್ನು ಮಾತಿನಲ್ಲೇ ಸುಟ್ಟುಬಿಟ್ಟೆ ಎಂದಳು. ರಂಗೂಬಾಯಿಯ ಕೈ ನಿಲ್ಲಲಿಲ್ಲ.

“ಇದನ್ನು ನನಗೆ ಯಾಕೆ ಹೇಳ್ತೀಯ? ನನಗೆ ಅವತ್ತೇ ಗೊತ್ತಿತ್ತು. ನಳದ ಮುಂದೆ ಹೇಳಿದವಳು ನಳದ ಮುಂದೆಯೇ ಹೋಗಿ ಹೇಳು.”

ಒಳಗೆ ಬಾ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಯಾಕೆ ಅನ್ನಬೇಕು?

ಪಾರವ್ವ ನಳದ ಕಡೆ ನಡೆದಳು. ಅಲ್ಲಿ ನಳವಿರಲಿಲ್ಲ. ಮನೆಮನೆಗೆ ಪೈಪು ಬಂದಮೇಲೆ ಅದನ್ನು ಕಿತ್ತುಹಾಕಿದ್ದರು. ಆ ಜಾಗದಲ್ಲಿ ಮೊಬೈಲ್ ಅಂಗಡಿ, ಮುಂದೆ ಸಾಲಾಗಿ ಗಾಡಿಗಳು. ಅವತ್ತು ಕೊಡ ಹಿಡಿದು ನಿಂತು ಕೇಳಿಸಿಕೊಂಡ ಒಬ್ಬ ಹೆಂಗಸಿನ ಮುಖವೂ ಕಾಣಲಿಲ್ಲ. ಆದರೂ ಅವಳು ಗಾಡಿಗಳ ನಡುವೆ ನಿಂತು, ಆ ದಿನಗಳ ಅದೇ ದನಿಯಲ್ಲಿ, ಪಂಢರಿನಾಥ ಯಾರನ್ನೂ ಕೊಂದಿಲ್ಲ, ಕೊಂದವನು ಈರಬಸಪ್ಪ ಎಂದು ಮರಾಠಿಯಲ್ಲಿ ಒದರಿದಳು. ನಾಲ್ಕು ಜನ ತಿರುಗಿ ನೋಡಿ ಮುಂದೆ ಹೋದರು. ಅಂಗಡಿಯವನು ಹೊರಗೆ ಬಂದು, ಮೈ ಹುಷಾರಿಲ್ಲದವರನ್ನು ಮಾತಾಡಿಸುವಂತೆ ಮಾತಾಡಿಸಿದ.

“ಯಾವ ಪಂಢರಿನಾಥ, ಮಾವಶಿ?”

ಅವಳು ಅಂಗಡಿಯವನ ಕಡೆಗೇ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನಷ್ಟು ಜೋರಾಗಿ ಮತ್ತೊಮ್ಮೆ ಹೇಳಿದಳು.