ಮೂರನೇ ಸೀನಿಗೆ ಬಾಣಲೆ ಇಳಿಸುವುದು

೧

ಈ ಕಥೆಯನ್ನು ಕೊತ್ತಂಬರಿ ಬೀಜದಿಂದ ಶುರುಮಾಡಬೇಕೋ ಒಣಮೆಣಸಿನಕಾಯಿಯಿಂದಲೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಕೊತ್ತಂಬರಿಯಿಂದ ಶುರುಮಾಡಿದರೆ ನೀವು ಇದನ್ನು ಅಡುಗೆ ಪುಸ್ತಕ ಎಂದುಕೊಂಡು ಅಳತೆ ಕೇಳುತ್ತೀರಿ. ಮೆಣಸಿನಕಾಯಿಯಿಂದ ಶುರುಮಾಡಿದರೆ ಅತ್ತೆ ಸೊಸೆ ಜಗಳ ಬರುತ್ತದೆ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೀರಿ.

ಅಳತೆ ಇಲ್ಲ. ಅತ್ತೆ ಇದ್ದಾರೆ.

ಮೊದಲ ಪ್ರಯತ್ನ:

ತೈಪಿಂಗ್‌ನ ಒಂದು ಸಾಲುಮನೆಯ ಮುಂದೆ, ಕಾರಿನ ಬಾನೆಟ್ ಮೇಲೆ ಹಳೆಯ ಸೀರೆ ಹಾಸಿ, ಒಬ್ಬ ಮುದುಕಿ ತೊಳೆದ ಕೊತ್ತಂಬರಿ ಬೀಜವನ್ನು ಒಣಹಾಕಿದ್ದಳು...

“ಯಾರೇ ಮುದುಕಿ?”

[ಇವರೇ ಅತ್ತೆ, ಹೆಸರು ಪಾಕ್ಕಿಯಂ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕು ಎಂಬುದು ಅವರ ಷರತ್ತು. ಇಲ್ಲವಾದರೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡುವಂತಿಲ್ಲ.]

“ಕಥೆಯಲ್ಲಿ ಬರೋ ಮುದುಕಿ, ಅತ್ತೆ.”

“ಬಾನೆಟ್ ಮೇಲೆ ಕೊತ್ತಂಬರಿ ಒಣಹಾಕೋಳು ಈ ಬೀದಿಲಿ ನಾನೊಬ್ಬಳೇ. ಒಬ್ಬ ಹೆಂಗಸು ಅಂತ ಬರಿ. ಲಕ್ಷಣವಾದ ಅಂತ ಸೇರಿಸಿದ್ರೂ ನಿನ್ನನ್ನ ಯಾರೂ ಬೈಯಲ್ಲ.”

೨

ಲಕ್ಷಣವಾದ ಒಬ್ಬ ಹೆಂಗಸು ಮಸಾಲೆಪುಡಿ ಮಾಡುತ್ತಿದ್ದಳು.

ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯುವುದು ಅವಳ ಕ್ರಮ. ಕೊತ್ತಂಬರಿ, ಜೀರಿಗೆ, ಸೋಂಪು, ಕಾಳುಮೆಣಸು, ಚೂರು ಮೆಂತ್ಯ, ಚಕ್ಕೆ, ಲವಂಗ. ಇವಕ್ಕೆ ಕಣ್ಣು ಸಾಕು. ಕೊನೆಗೆ ಒಣಮೆಣಸಿನಕಾಯಿ. ಅದಕ್ಕೆ ಮೂಗು ಬೇಕು, ಏಕೆಂದರೆ ಬಣ್ಣ ಕಂಡು ಇಳಿಸುವಷ್ಟರಲ್ಲಿ ಅದು ಕರಕಲಾಗಿರುತ್ತದೆ. ಆದರೆ ವರ್ಷಾನುಗಟ್ಟಲೆ ಘಾಟು ಕುಡಿದ ಅತ್ತೆಯ ಮೂಗು ಎಂದೋ ರಾಜೀನಾಮೆ ಕೊಟ್ಟಿತ್ತು.

ಹಾಗಾಗಿ ಅವರು ಮಗನ ಮೂಗನ್ನು ಬಳಸುತ್ತಿದ್ದರು.

ಮಗ ಎಂದರೆ ತಿನಗರನ್, ನನ್ನ ಗಂಡ. ಹುರಿಯುವ ದಿನ ಅವನು ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರಬೇಕು. ಅಡುಗೆಮನೆಯಿಂದ ಘಾಟು ಹೊರಟು, ನಡುಮನೆ ದಾಟಿ, ಅವನನ್ನು ಮುಟ್ಟುತ್ತಿತ್ತು. ಮೊದಲ ಸೀನಿಗೆ ಬಾಣಲೆಗೆ ಕರಿಬೇವು ಬೀಳುತ್ತಿತ್ತು. ಎರಡನೆಯದಕ್ಕೆ ಉರಿ ಸಣ್ಣದಾಗುತ್ತಿತ್ತು. ಮೂರನೆಯದಕ್ಕೆ ಬಾಣಲೆ ಕೆಳಗೆ. ಒಂದೊಂದು ಸೀನಿಗೂ ಅತ್ತೆ ಒಳಗಿನಿಂದ ಆಯುಸ್ಸು ಹಾರೈಸಿ ಕೂಗುತ್ತಿದ್ದರು.

“ನೂರು ವರ್ಷ!”

“ಇನ್ನೂರು!”

“ಮುನ್ನೂರು! ಸಾಕು, ಎದ್ದು ಹೋಗಿ ಮುಖ ತೊಳ್ಕೊ!”

ನಾನು ಮದುವೆಯಾಗಿ ಬಂದಾಗ ಇದನ್ನು ಯಾವುದೋ ವ್ರತ ಎಂದುಕೊಂಡಿದ್ದೆ. ಅವನಿಗೆ ನೆಗಡಿಯಾದರೆ ಮನೆಯಲ್ಲಿ ಮಸಾಲೆಪುಡಿ ಮಾಡುತ್ತಿರಲಿಲ್ಲ. ಒಮ್ಮೆ ಕೆಲಸದ ಮೇಲೆ ಇಪೋಗೆ ಹೋಗಿದ್ದವನನ್ನು “ಕೊತ್ತಂಬರಿ ಒಣಗಿದೆ, ಬಾ” ಎಂದು ಫೋನ್ ಮಾಡಿ ಕರೆಸಿಕೊಂಡಿದ್ದರು. ಅವನು ಆಫೀಸಿನಲ್ಲಿ ಏನು ಕಾರಣ ಕೊಟ್ಟನೋ ಇವತ್ತಿಗೂ ಗೊತ್ತಿಲ್ಲ.

೩

[ಈ ಭಾಗದಲ್ಲಿ ತಿನಗರನ್ ಸಾಯುತ್ತಾನೆ. ಬರೆದಿದ್ದೆ, ತೆಗೆದಿದ್ದೇನೆ. ಮಸಾಲೆಪುಡಿಗೆ ಅದರ ಅಗತ್ಯವಿಲ್ಲ.]

೪

ಭಾನುವಾರ ಅವನ ವರ್ಷದ ಎಡೆ. ಬಾಳೆಲೆಯ ಮೇಲೆ ಅವನಿಗೆ ಇಷ್ಟವಾದದ್ದೆಲ್ಲ ಇರಬೇಕು. ಹುರಿದ ಮೀನು, ಉಪ್ಪುಗಡಲೆ, ಒಂದು ಬಾಟಲಿ ಕಪ್ಪು ಬಿಯರು, ಎಲ್ಲಕ್ಕಿಂತ ಮುಖ್ಯವಾಗಿ ಅತ್ತೆಯ ಮಟನ್ ಸಾರು. ಅವನು ಸೀನಿ ಇಳಿಸಿದ ಕೊನೆಯ ಪುಡಿ ಮೊನ್ನೆ ಖಾಲಿಯಾಯಿತು. ಡಬ್ಬಿಯನ್ನು ಅತ್ತೆ ಬೋರಲು ಮಾಡಿ ತಟ್ಟಿದರು. ಏನೂ ಬೀಳಲಿಲ್ಲ. ಮತ್ತೆ ತಟ್ಟಿದರು.

ಸೀನುವವರಿಲ್ಲದೆ ಒಮ್ಮೆ ಹುರಿದರು. ಮೆಣಸಿನಕಾಯಿ ಇದ್ದಿಲಾಯಿತು. ಹೆದರಿ ಇನ್ನೊಮ್ಮೆ ಬೇಗ ಇಳಿಸಿದರು. ಆ ಪುಡಿ ಹಾಕಿದ ಸಾರು ಒದ್ದೆ ಗೋಣಿಚೀಲದ ಹಾಗಿದೆ ಎಂದು ಅವರೇ ಚರಂಡಿಗೆ ಸುರಿದರು.

“ಪುಡಿ ಇಲ್ಲ ಅಂದ್ರೆ ಮಟನ್ ಇಲ್ಲ. ಮಟನ್ ಇಲ್ಲ ಅಂದ್ರೆ ಎಡೆ ಯಾಕೆ? ಬಿಡು, ಬೇಡ.”

“ಅಂಗಡಿಯಿಂದ ಪ್ಯಾಕೆಟ್ ತರ್ಲಾ ಅತ್ತೆ?”

“ಪ್ಯಾಕೆಟ್ ಪುಡಿ ಹಾಕಿದ್ರೆ ಅವನು ಎದ್ದು ಬಂದು ಎಲೆ ತಳ್ತಾನೆ.”

“ಬಂದ್ರೆ ಒಳ್ಳೇದೇ ಅಲ್ವಾ?”

ಅತ್ತೆ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು.

“ಬೇಡ. ಪ್ಯಾಕೆಟ್ ಪುಡಿಗೆ ಬಂದ ಅಂತ ಬೀದಿಗೆಲ್ಲ ಗೊತ್ತಾಗತ್ತೆ.”

೫

ಸೊಸೆ ಯಾಕೆ ಸೀನಬಾರದು ಎಂದು ನೀವು ಕೇಳುತ್ತಿದ್ದೀರಿ. ಜಾಣರು.

ಸೊಸೆಗೆ ವಾಸನೆ ಬರುವುದಿಲ್ಲ. ಈ ವರ್ಷ ಪೂರ್ತಿ ಬಂದಿಲ್ಲ. ಹಾಲು ಉಕ್ಕಿ ಹೊತ್ತಿಕೊಂಡರೂ ಗೊತ್ತಾಗುವುದಿಲ್ಲ. ಇದ್ದಿಲಾದ ಮೆಣಸಿನಕಾಯಿಯ ಹೊಗೆಯಲ್ಲಿ ನಿಂತು “ಆಯ್ತಾ ಅತ್ತೆ?” ಎಂದು ಕೇಳಿದವಳು ಅವಳೇ. ಡಾಕ್ಟರು ಟಾರ್ಚ್ ಹಾಕಿ ನೋಡಿ, ಮೂಗು ಸರಿಯಾಗಿಯೇ ಇದೆ ಎಂದರು. ಇದೆ. ಮುಖದ ಮಧ್ಯದಲ್ಲೇ ಇದೆ.

[ಕಥೆ ಓದುಗರ ಕೈ ಸೇರಿದ ಮೇಲೆ ಲೇಖಕ ಸತ್ತ ಲೆಕ್ಕ ಎಂದು ಯೂನಿವರ್ಸಿಟಿಯಲ್ಲಿ ಕಲಿಸಿದ್ದರು. ಇಲ್ಲಿ ಹಾಗಾಗಲಿಲ್ಲ. ಲೇಖಕಿ ಉಳಿದಿದ್ದಾಳೆ.]

೬

ಕಥೆಗೆ ಹೊಸ ಪಾತ್ರ ಬೇಕಾಯಿತು. ಪಕ್ಕದ ಮನೆಯ ಅಂಕಲ್ ಖೂ ಅವರನ್ನು ಕರೆತಂದೆ. ರೈಲ್ವೆಯಿಂದ ನಿವೃತ್ತರಾದವರು, ಅಲರ್ಜಿಯಲ್ಲಿ ಹೆಸರು ಮಾಡಿದವರು. ಬೆತ್ತದ ಕುರ್ಚಿಯಲ್ಲಿ ಕೂರಲು ಅತ್ತೆ ಬಿಡಲಿಲ್ಲ. ಪ್ಲಾಸ್ಟಿಕ್ ಸ್ಟೂಲು ಕೊಟ್ಟರು.

ಅವರು ಬಾಗಿಲಲ್ಲೇ ಒಮ್ಮೆ ಸೀನಿದರು. ತಿನಗರನ್ ಫೋಟೋದ ಹಾರಕ್ಕೆ ಇನ್ನೊಮ್ಮೆ. ಅಡುಗೆಮನೆಯಲ್ಲಿ ಆಗಿನ್ನೂ ಕೊತ್ತಂಬರಿ ಬಿಸಿಯಾಗುತ್ತಿತ್ತು.

“ಸ್ವಲ್ಪ ತಡ್ಕೊಳ್ರೀ ಖೂ! ಮೆಣಸಿನಕಾಯಿ ಇನ್ನೂ ಹಾಕೇ ಇಲ್ಲ!”

“ತಡ್ಕೊಳ್ಳೋಕೆ ಆಗೋದಾದ್ರೆ ಅದು ಸೀನಲ್ಲ ಲಾ, ಪಾಕ್ಕಿಯಂ.”

ಮತ್ತೆ ಸೀನಿದರು. ಅದು ಮೂರನೆಯದು. ಅತ್ತೆ ಅಭ್ಯಾಸಬಲದಿಂದ ಬಾಣಲೆ ಇಳಿಸಿಬಿಟ್ಟರು. ಆಮೇಲೆ ಬಾಣಲೆಯನ್ನು, ಅಂಕಲ್ ಖೂ ಅವರನ್ನು, ನನ್ನನ್ನು ಒಂದೇ ಥರ ನೋಡಿದರು.

ಅಂಕಲ್ ಖೂ ಮೂಗೊರೆಸಿಕೊಂಡರು. “ಮೊದಲೆಲ್ಲ ಗೋಡೆ ಆಚೆಗೂ ಕೇಳಿಸ್ತಿತ್ತು. ನೂರು, ಇನ್ನೂರು ಅಂತ ಕೂಗ್ತಿದ್ರಿ. ನಂಗೇನೂ ಇಲ್ವಾ?”

“ಕೊಟ್ಟಿದ್ದೆಲ್ಲ ಏನಾಯ್ತು ಅಂತ ನೋಡಿದ್ರಲ್ಲ. ನನ್ನ ಹತ್ರ ಸ್ಟಾಕ್ ಇಲ್ಲ.”

ಹಾಗೆಂದು ಅತ್ತೆ ಒಳಗೆ ಹೋದರು. ಅಂಕಲ್ ಖೂ ಸ್ಟೂಲನ್ನು ತಾವೇ ಎತ್ತಿ ಗೋಡೆಗೆ ಒರಗಿಸಿಟ್ಟು ಮನೆಗೆ ಹೋದರು. ದಾರಿಯಲ್ಲಿ ಸೀನಿದ್ದು ಕೇಳಿಸಿತು.

೭

ದೆವ್ವ ತರೋಣ ಎಂದುಕೊಂಡೆ. ಈ ಬಗೆಯ ಕಥೆಯಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬೆತ್ತದ ಕುರ್ಚಿಯಲ್ಲಿ ತಿನಗರನ್ ಕುಳಿತಿದ್ದಾನೆ ಎಂದು ಬರೆದೆ. ಕುಳಿತ.

“ಏ ಯೋಗಾ, ನಂಗೆ ಡೈಲಾಗ್ ಇದ್ಯಾ, ಇಲ್ಲ ಬರೀ ಸೀನೋದಾ?”

“ಬರೀ ಸೀನೋದು. ಮೂರು ಸಲ ಸೀನಿ ಹೋಗು.”

“ದೆವ್ವಕ್ಕೆ ಮೂಗು ಇರತ್ತಾ?”

“ನಾನು ಬರೆದ್ರೆ ಇರತ್ತೆ.”

“ಹಂಗಿದ್ರೆ ಒಂಚೂರು ಕೂದಲೂ ಬರಿ. ಮುಂದೆ ಎಲ್ಲ ಉದುರಿತ್ತಲ್ಲ.”

ಬರೆದೆ. ದಟ್ಟವಾಗಿ, ಕಪ್ಪಾಗಿ. ಅವನು ಕೈಯಾಡಿಸಿ ನೋಡಿಕೊಂಡು ಖುಷಿಪಟ್ಟ. ಆಮೇಲೆ “ಆಕ್ಷಿ” ಎಂದು ಬರೆದೆ. ಮೂರು ಸಲ ಬರೆದೆ. ಆಶ್ಚರ್ಯಸೂಚಕ ಚಿಹ್ನೆ ಹಾಕಿ ನೋಡಿದೆ. ಅಡುಗೆಮನೆಯಲ್ಲಿ ಏನೂ ಅಲ್ಲಾಡಲಿಲ್ಲ.

“ನಿನ್ನ ಕೈಲಾಗಲ್ಲ ಬಿಡು. ನೀನೇ ಸೀನು,” ಎಂದ.

“ನಂಗೆ ಬರಲ್ಲ.”

“ನಮ್ಮಮ್ಮನ ಮೆಣಸಿನಕಾಯಿಗೆ ಬೀದಿ ನಾಯಿ ಸೀನತ್ತೆ. ನಿಂಗೇನು ದೊಡ್ಡಸ್ತಿಕೆ?”

ಅವನನ್ನು ಅಳಿಸಿದೆ.

[ಕೂದಲನ್ನು ಅಳಿಸಲು ಮನಸ್ಸಾಗಲಿಲ್ಲ. ಕುರ್ಚಿಯ ಮೇಲೆ ಅದಷ್ಟೇ ಉಳಿದಿದೆ. ಸಂಪಾದಕರು ಕ್ಷಮಿಸಬೇಕು.]

೮

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

(ಅ) ಅಂಕಲ್ ಖೂ ಅಲರ್ಜಿ ಮಾತ್ರೆ ನುಂಗಿ ಬಂದು, ಮೆಣಸಿನಕಾಯಿಗೆ ಮಾತ್ರ, ಮೂರೇ ಸಲ ಸೀನುತ್ತಾರೆ. ಎಲ್ಲರೂ ಮಟನ್ ತಿನ್ನುತ್ತಾರೆ. [ನಾನೇ ನಂಬುವುದಿಲ್ಲ.]

(ಆ) ಎಡೆ ಇಟ್ಟಾಗ ಒಂದು ಕಾಗೆ ಬಂದು ಅತ್ತೆಯನ್ನು ದಿಟ್ಟಿಸಿ ನೋಡುತ್ತದೆ. [ಕಾಗೆಗೆ ಬೇರೆ ಕಥೆಗಳಲ್ಲಿ ಬಿಡುವಿಲ್ಲದ ಕೆಲಸವಿದೆ. ಪಾಪ, ಬಿಡಿ.]

(ಇ) ಸೊಸೆ ಪ್ಯಾಕೆಟ್ ಪುಡಿ ತಂದು ಗುಟ್ಟಾಗಿ ಹಳೇ ಡಬ್ಬಿಗೆ ತುಂಬುತ್ತಾಳೆ.

“ತುಂಬು ನೋಡೋಣ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?”

“ಮೂಗು ಕೆಲಸ ಮಾಡಲ್ಲ ಅಂದ್ರಲ್ಲ ಅತ್ತೆ.”

“ನಾಲಿಗೆ ಮಾಡತ್ತೆ.”

“ಅದು ಬೀದಿಗೇ ಗೊತ್ತು.”

ಅತ್ತೆ ನಕ್ಕರು. ಅವರ ಹಲ್ಲು ನೋಡಿ ಬಹಳ ದಿನವಾಗಿತ್ತು. ನಗು ಮುಗಿದ ಮೇಲೆ ಕಿಟಕಿಯಾಚೆ ನೋಡಿದರು. ಬೆಟ್ಟದ ಮೇಲೆ ಮೋಡ ಇಳಿಯುತ್ತಿತ್ತು. ಈ ಊರಲ್ಲಿ ಊಟದ ಹೊತ್ತು ದಾಟಿದರೆ ಬಿಸಿಲಿಗೆ ಗ್ಯಾರಂಟಿ ಇಲ್ಲ. ಎದ್ದು ಹೋಗಿ ಬಾನೆಟ್ ಮೇಲಿನ ಕೊತ್ತಂಬರಿಯನ್ನು ಸೀರೆಸಮೇತ ಬಾಚಿ ತಂದರು. ಕೊನೆಯ ಕೊತ್ತಂಬರಿ. ನಾಳೆ ಎಡೆ.

“ಬರೆದಿದ್ದು ಸಾಕು. ಹೋಗಿ ಅವನ ಕುರ್ಚೀಲಿ ಕೂತ್ಕೊ.”

“ಅತ್ತೆ, ನಂಗೆ ವಾಸನೆ...”

“ನಂಗೊತ್ತು. ಕೂತ್ಕೊ.”

೯

ಕೂದಲನ್ನು ಪಕ್ಕಕ್ಕೆ ಸರಿಸಿ ಕುಳಿತೆ. ಲ್ಯಾಪ್‌ಟಾಪ್ ತೊಡೆಯ ಮೇಲಿದೆ. ಇನ್ನು ಮುಂದಿನದು ಆಗುತ್ತಿರುವಾಗಲೇ ಬರೆಯುತ್ತಿರುವುದು, ತಪ್ಪಿದ್ದರೆ ತಿದ್ದಿಕೊಳ್ಳಿ.

ಕೊತ್ತಂಬರಿ ಆಯಿತು. ಜೀರಿಗೆ, ಸೋಂಪು ಆಯಿತು. ಕಾಳುಮೆಣಸು ಸಿಡಿದು ಅತ್ತೆ ಅದಕ್ಕೆ ಬೈದದ್ದೂ ಆಯಿತು. ಈಗ ಒಣಮೆಣಸಿನಕಾಯಿ ಬಿದ್ದ ಸದ್ದು. ಒಣ ಎಲೆ ಸುರಿದ ಹಾಗೆ.

“ಏನಾದ್ರೂ ಬಂತಾ?”

“ಇಲ್ಲ ಅತ್ತೆ.”

“ಈಗ?”

“ಇಲ್ಲ.”

“ಟಕಟಕ ಅಂತ ಕುಟ್ಟೋದು ಬಿಟ್ಟು ಉಸಿರು ತಗೋಳೇ, ಹುಡುಗಿ!”

ತೆಗೆದುಕೊಂಡೆ.

ಮೊದಲು ಬೆತ್ತದ ವಾಸನೆ ಬಂತು. ಹಳೇ ಪೇಪರಿನದು, ಅದರ ಹಿಂದೆ ಯಾರದೋ ತಲೆಯೆಣ್ಣೆಯದು. ಯಾರದು ಎಂದು ಗೊತ್ತಾಗುವಷ್ಟರಲ್ಲಿ ಘಾಟು ನಡುಮನೆ ದಾಟಿ ಬಂದು ಎಲ್ಲವನ್ನೂ ತಳ್ಳಿ ಮುಂದೆ ನಿಂತಿತು. ಎಡಗಡೆಯ ಹೊಳ್ಳೆಯಲ್ಲಿ ಒಂದು ಇರುವೆ ನಡೆದ ಹಾಗಾಯಿತು. ಬಲಗಡೆಯಲ್ಲಿ ಇನ್ನೊಂದು. ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡೆ. [ಉಳಿದ ಕೈಯಲ್ಲಿ ಬರೆಯುತ್ತಿದ್ದೇನೆ.]

ಅತ್ತೆ ಸಟ್ಟುಗದ ಸಮೇತ ಬಾಗಿಲಿಗೆ ಬಂದಿದ್ದಾರೆ. ನನ್ನ ಮುಖ ನೋಡುತ್ತಿದ್ದಾರೆ.

“ಬರ್ತಾ ಇದ್ಯಾ?”

“ಬಾಣಲೆ ನೋಡಿ ಅತ್ತೆ!”

ಅವರು ಬಾಣಲೆ ನೋಡುತ್ತಿಲ್ಲ. ಬಾಯಿ ತೆರೆದರು, ಮುಚ್ಚಿದರು. ನಾನು ಸೀನಿದರೆ ಅವರು ಆ ಮಾತು ಆಡಬೇಕಾಗುತ್ತದೆ, ಇಲ್ಲವೇ ಆಡದೆ ಉಳಿಯಬೇಕಾಗುತ್ತದೆ. ಆಡಿದರೆ ನನಗೆ ನೂರು ವರ್ಷ. ಅಷ್ಟೊಂದು ಬೇಕೋ ಬೇಡವೋ ನಾನಿನ್ನೂ ತೀರ್ಮಾನಿಸಿಲ್ಲ. ಮಟನ್ ಮಾತ್ರ ಬೇಕು.

ಓದುಗರೇ, ನಾನು ಬರೆಯುತ್ತಿರುವಷ್ಟು ಹೊತ್ತೂ, ನೀವು ಓದುತ್ತಿರುವಷ್ಟು ಹೊತ್ತೂ, ಮೆಣಸಿನಕಾಯಿ ಒಲೆಯ ಮೇಲೇ ಇರುತ್ತದೆ. ಕರಕಲಾದರೆ ಅರ್ಧ ತಪ್ಪು ನಿಮ್ಮದು. ದಯವಿಟ್ಟು ಈಗ ಪುಟ ಮುಚ್ಚಿ. ಒಳಗೆ ನಮ್ಮ ಪಾಡಿಗೆ ನಾವು ನೋಡಿಕೊಳ್ಳುತ್ತೇವೆ.

ಇನ್ನೂ ಇದ್ದೀರಾ?

ಅತ್ತೆಯ ತುಟಿಗಳು ಗುಂಡಗಾಗುತ್ತಿವೆ. ಮೂಗಿನಿಂದ ಕೈ ತೆಗೆದೆ.

ಆ