ಮೊದಲ ಪ್ರಶ್ನೆ

'ಅವನ ಪ್ರಬಂಧವೆಲ್ಲ ಕೂತಲ್ಲೇ ಹೆಣೆದ ಕಥೆ ಮೇಡಂ' ಎಂದು ಗಿಣಿ ಹೇಳಿಬಿಟ್ಟಿರಬಹುದೇ? ಇಲ್ಲದಿದ್ದರೆ ದಿನಾ ಸಂಜೆ ಗೈಡ್ ಮೇಡಂ ಕೋಣೆಯಲ್ಲಿ ಅವನಿಗೇನು ಕೆಲಸ? ನಿನ್ನೆ ತಾನು ಬಾಗಿಲ ಹತ್ತಿರ ಹೋದಾಗ ಇಬ್ಬರೂ ಗಪ್‌ಚಿಪ್ ಆದದ್ದೇಕೆ?

ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೌನಿ ಪಕ್ಕದವನನ್ನು ಓರೆಗಣ್ಣಿನಿಂದ ನೋಡಿದ. ಗಿಣಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ವರ್ಷ ಕಳೆದ ಇವರಿಬ್ಬರಿಗೂ ಈ ಅಡ್ಡಹೆಸರಿಟ್ಟದ್ದು ಸಹಪಾಠಿಗಳು. ಸಹಪಾಠಿಗಳೆಂದರೆ ಒಂದು ಉದ್ದನೆಯ ಮೇಜಿನ ಸುತ್ತ ಹಿಡಿಸುವಷ್ಟೇ ಜನ. ಯಾರು ಸೀನಿದರೂ ಕಾಲೇಜಿಗೆಲ್ಲ ಗೊತ್ತಾಗುತ್ತಿತ್ತು.

ಹೋದ ತಿಂಗಳು ಒಬ್ಬಳು, ಮಾಡದ ಸಂದರ್ಶನಗಳನ್ನು ಪ್ರಬಂಧದಲ್ಲಿ ಸೇರಿಸಿ ಸಿಕ್ಕಿಬಿದ್ದಿದ್ದಳು. ಅವತ್ತು ಊಟ ಮಾಡುವಾಗ ಗಿಣಿ ಎಲ್ಲರೆದುರು, "ಏನಪ್ಪಾ ಮೌನಿ, ನೀನಾದ್ರೂ ಆಸ್ಪತ್ರೆಗೆ ಹೋಗಿದ್ಯೋ, ಇಲ್ಲಾ ನಿಮ್ಮಕ್ಕ ಹೇಳಿದ್ದನ್ನೇ ಬರ್ಕೊಂಡ್ಯೋ?" ಎಂದಿದ್ದ. ಎಲ್ಲರೂ ನಕ್ಕರು. ಮೌನಿಯೂ ನಕ್ಕ. ಮಾತು ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತು.

ಅವನ ಅಕ್ಕ ನರ್ಸು. ಅವಳ ಆಸ್ಪತ್ರೆಯಲ್ಲಿ ಸರದಿ ಕಾಯುವ ಅಪರಿಚಿತರು ಒಬ್ಬರಿಗೊಬ್ಬರು ಹೇಗೆ ಜಾಗ ಬಿಟ್ಟುಕೊಡುತ್ತಾರೆ ಎಂಬುದೇ ಅವನ ಪ್ರಬಂಧ. ರಜೆಯುದ್ದಕ್ಕೂ ಅಲ್ಲೇ ಕೂತು ನೋಡಿ ಬರೆದದ್ದು. ಬರಹಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಹಿಂದಿನ ಮೌಖಿಕ ಪರೀಕ್ಷೆಯಲ್ಲಿ ಅವನ ಬಾಯಿಗೆ ಬೀಗ ಬಿದ್ದಿತ್ತು. ಇದು ಕೊನೆಯ ಅವಕಾಶ. ಇವತ್ತೂ ಬಾಯಿ ಬಿಡದಿದ್ದರೆ ಪದವಿ ಇಲ್ಲ.

ಮೊದಲ ಪ್ರಶ್ನೆಯನ್ನು ಅಭ್ಯರ್ಥಿ ಆರಿಸಿಕೊಂಡ ಗೆಳೆಯನೇ ಕೇಳುವುದು ಆ ಕಾಲೇಜಿನ ಪದ್ಧತಿ. ಪ್ರಶ್ನೆ ಏನೆಂದು ಅಭ್ಯರ್ಥಿಗೆ ಮುಂಚೆ ತಿಳಿಸುವಂತಿಲ್ಲ. ಊಟದ ಮೇಜಿನ ಆ ಮಾತಿಗೂ ಮೊದಲೇ ಮೌನಿ ಗಿಣಿಯ ಹೆಸರು ಕೊಟ್ಟಾಗಿತ್ತು.

ಒಳಗೆ ಮೇಡಂ ಇದ್ದರು. ಪಕ್ಕದಲ್ಲಿ ಬೇರೆ ಕಾಲೇಜಿನ ಪರೀಕ್ಷಕರು. ಗಿಣಿ ಗಂಟಲು ಸರಿಮಾಡಿಕೊಂಡ.

"ಆಸ್ಪತ್ರೆಯ ಆ ಹಾಲ್‌ನಲ್ಲಿ ನೀನು ಎಲ್ಲಿ ಕೂತ್ಕೋತಿದ್ದೆ?"

ಮೇಡಂ ಮುಗುಳ್ನಕ್ಕರು. ಮೌನಿಗೆ ಆ ನಗುವೇ ಸಾಕಾಯಿತು. ಅಂದುಕೊಂಡದ್ದೇ ನಿಜ.

"ಮೂರನೇ ಅಧ್ಯಾಯದಲ್ಲಿದೆ. ಓದ್ಕೊಳ್ಳಿ."

ಗಿಣಿ ತಬ್ಬಿಬ್ಬಾದ. "ಅಲ್ಲ, ಸುಮ್ನೆ ಹೇಳೋ. ಆ ಕಂಬದ ಪಕ್ಕದ ಕುರ್ಚಿ..."

"ಅನುಮಾನ ಇದ್ರೆ ಆಸ್ಪತ್ರೆಗೇ ಹೋಗಿ ಕೇಳಿ."

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಮೌನಿ ಒಂದೆರಡು ಸಲ "ಗೊತ್ತಿಲ್ಲ" ಎಂದ. ಕೊನೆಕೊನೆಗೆ ಅದನ್ನೂ ಹೇಳಲಿಲ್ಲ. ಪ್ರತಿ ಪ್ರಶ್ನೆಯ ಹಿಂದೆಯೂ ಇನ್ಯಾವುದೋ ಪ್ರಶ್ನೆ ಅಡಗಿ ಕೂತಂತಿತ್ತು.

ಗಿಣಿಯನ್ನು ಮೊದಲು ಕಳಿಸಿ, ಪರೀಕ್ಷಕರೊಂದಿಗೆ ಮಾತಾಡಿ ಮೇಡಂ ಕಾರಿಡಾರಿಗೆ ಬಂದರು.

"ಎಷ್ಟು ಹೇಳಿದ್ರೂ ಪಾಸ್ ಮಾಡೋಕೆ ಅವರು ಒಪ್ಪಲಿಲ್ಲ ಕಣಪ್ಪಾ. ಏನಾಯ್ತು ನಿನಗೆ? ಆ ಒಂದು ಪ್ರಶ್ನೆಗೋಸ್ಕರ ನಿನ್ನ ಗೆಳೆಯ ದಿನಾ ಬಂದು ನನ್ನ ತಲೆ ತಿಂದ. 'ಅವನು ಕೂತಿದ್ದ ಕುರ್ಚಿಯಿಂದ ಶುರು ಮಾಡ್ಸೋಣ ಮೇಡಂ, ಆಮೇಲೆ ಅವನ ಬಾಯಿ ಮುಚ್ಸೋಕೇ ಆಗಲ್ಲ, ರೂಮಲ್ಲಿ ನಾನು ಅನುಭವಿಸಿದೀನಿ' ಅಂತ."

ಮೌನಿ ಮೆಟ್ಟಿಲ ಕಡೆಗೆ ತಿರುಗಿದ. ಮೇಡಂ ಇನ್ನೂ ಏನೋ ಹೇಳುತ್ತಿದ್ದರು.

ಗಿಣಿ ಮೆಟ್ಟಿಲ ಕೆಳಗೆ ಕಾಯುತ್ತಿದ್ದ. ಮುಖ ನೋಡಿದ್ದೇ ಅವನಿಗೆ ಫಲಿತಾಂಶ ತಿಳಿಯಿತು.

"ನನ್ನಿಂದಾನೇ ಹೀಗಾಯ್ತಲ್ವೇನೋ? ಬೇರೆ ಏನಾದ್ರೂ ಕೇಳ್ಬೇಕಿತ್ತು."

"ಇಲ್ಲ. ತಲೆನೋವಿತ್ತು."

"ಮೊದಲೇ ಹೇಳೋದಲ್ವಾ ಮಹರಾಯ! ದಿನಾಂಕ ಮುಂದಕ್ಕೆ ಹಾಕಿಸ್ತಿದ್ದೆ."

ಇಬ್ಬರೂ ಮೈದಾನ ದಾಟಿ ಹಾಸ್ಟೆಲಿನತ್ತ ನಡೆದರು. ದಾರಿಯುದ್ದಕ್ಕೂ ಗಿಣಿ ಮಾತಾಡಲಿಲ್ಲ. ಕೋಣೆಗೆ ಬಂದವನು ಮೌನಿಯ ಹಾಸಿಗೆಯ ಮೇಲಿದ್ದ ತನ್ನ ಬಟ್ಟೆಗಳನ್ನು ಸದ್ದಿಲ್ಲದೆ ಎತ್ತಿ, ಅವನಿಗೆ ಮಲಗಲು ಜಾಗ ಮಾಡಿಕೊಟ್ಟ. ಕಿಟಕಿಯ ಪರದೆ ಎಳೆದ.

ನಿನ್ನ ಮೇಲೆ ಅನುಮಾನಪಟ್ಟಿದ್ದೆ ಎಂದು ಮೌನಿ ಅವನಿಗೆ ಎಂದೂ ಹೇಳಲಿಲ್ಲ.