ಒಂದೇ ಹೆಸರಿನ ಎರಡು ಮನೆ

ಆ ಮನೆತನದ ಹೆಸರಿನವರದು ಊರಲ್ಲಿ ಇದ್ದದ್ದೇ ಎರಡು ಮನೆ. ಒಂದು, ಬಸ್ ನಿಲ್ದಾಣದ ಎದುರು ನಲವತ್ತೈದು ವರ್ಷದಿಂದ ಕನ್ನಡಕ ಮಾಡಿಕೊಡುತ್ತಿದ್ದ ಕನ್ನಡಕದಣ್ಣನದು. ಇನ್ನೊಂದು, ಮೂರು ಬೀದಿ ಆಚೆಗಿನ ಅಕ್ಕ-ತಮ್ಮನದು. ಅಕ್ಕ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ನಿವೃತ್ತಳಾದವಳು, ಊರವರ ಬಾಯಲ್ಲಿ ಅಂಚೆಯಕ್ಕ. ತಮ್ಮ ಜಮೀನು ಅಳೆಯುವ ಸರ್ವೆಯರ್, ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು ಸೇರಿದವನು. ಎರಡು ಮನೆಗೂ ಏನು ನೆಂಟಸ್ತನ ಎಂದು ಯಾರಾದರೂ ಕೇಳಿದರೆ ಸರ್ವೆಯರ್ "ಬಾದರಾಯಣ ಸಂಬಂಧ" ಎಂದು ನಗುತ್ತಿದ್ದ. ಆದರೂ ಕನ್ನಡಕದಣ್ಣನನ್ನು ಅವನು ಅಣ್ಣ ಎಂದೇ ಕರೆಯುತ್ತಿದ್ದ, ಒಡಹುಟ್ಟಿದವನಂತೆಯೇ ನಂಬಿದ್ದ.

ನಿವೃತ್ತನಾದ ಮೇಲೆ ಸರ್ವೆಯರನಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಅಳೆಯಲು ಜಮೀನು ಇಲ್ಲದೆ ಅವನು ಮನೆತನವನ್ನೇ ಅಳೆಯಲು ಹೊರಟ. ಊಟದ ಮೇಜಿನಷ್ಟು ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರೆದ. ಎರಡು ಕೊಂಬೆ ಮೇಲಕ್ಕೆ ಹೋಗಿ ಒಂದು ಖಾಲಿ ಚೌಕದಲ್ಲಿ ಕೂಡುತ್ತಿದ್ದವು. ಆ ಚೌಕದೊಳಗೆ ಯಾರ ಹೆಸರು ಬರೆಯಬೇಕೆಂದು ಯಾವ ದಾಖಲೆಯೂ ಹೇಳಲಿಲ್ಲ.

ಒಂದು ಬೆಳಗ್ಗೆ ಸಣ್ಣ ಡಬ್ಬಿಯೊಂದನ್ನು ಹಿಡಿದು ಅಂಗಡಿಗೆ ಬಂದ. ಕನ್ನಡಕದಣ್ಣ ಗಾಜಿನ ಅಂಚನ್ನು ಸಾಣೆಗೆ ಹಿಡಿದು ಸವೆಸುತ್ತಿದ್ದ.

"ಅಣ್ಣ, ಬಾಯಿ ತೆಗಿ."

"ಹಲ್ಲಿನ ಡಾಕ್ಟರ್ ಯಾವಾಗ ಆದೆ ಮಾರಾಯ?"

"ಡಿಎನ್‌ಎ ಪರೀಕ್ಷೆ. ಕೆನ್ನೆ ಒಳಗೆ ಈ ಹತ್ತಿ ಕಡ್ಡಿ ಆಡಿಸಿದ್ರೆ ಮುಗೀತು. ಇದು ಅಪ್ಪನಿಂದ ಮಗನಿಗೆ ಮಾತ್ರ ಇಳಿಯೋ ಗುರುತು, ಥೇಟ್ ಮನೆತನದ ಹೆಸರಿನ ಹಾಗೆ. ನಿಂದೂ ನಂದೂ ಹೊಂದಿದ್ರೆ ಮೂಲಪುರುಷ ಒಬ್ನೇ ಅಂತ ಮೊಹರು ಬಿದ್ದ ಹಾಗೆ."

"ಅಕ್ಕನಿಗೆ ಹೇಳಿದ್ದೀಯಾ?"

"ಹೇಳಿದ್ರೆ ಮಾಡೋಕೆ ಬೇರೆ ಕೆಲಸ ಇಲ್ವಾ ಅಂತಾಳೆ. ಹೆಂಗಸರದ್ದು ಇದಕ್ಕೆ ಬೇಕಾಗೋದೂ ಇಲ್ಲ. ನೀನು ಬಾಯಿ ತೆಗಿ."

ಕನ್ನಡಕದಣ್ಣ ಬಾಯಿ ತೆರೆದ.

ನಲವತ್ತೆರಡು ವರ್ಷದ ಹಿಂದೆ ಅವನಿಗೆ ಇಪ್ಪತ್ತೇಳು, ಅಂಚೆಯಕ್ಕನಿಗೆ ಇಪ್ಪತ್ತನಾಲ್ಕು. ಆಗ ಅವನು ಆ ಅಂಗಡಿಯಲ್ಲಿ ಕೆಲಸದಾಳು. ಗಾಜಿನ ಪಾರ್ಸೆಲ್ ಬಿಡಿಸಿಕೊಳ್ಳಲು ವಾರಕ್ಕೊಮ್ಮೆ ಅಂಚೆ ಕಚೇರಿಗೆ ಹೋಗುತ್ತಿದ್ದವನು ವಾರಕ್ಕೆ ಮೂರು ಸಲ ಹೋಗತೊಡಗಿದ. ಬರಬೇಕಾದ ಪಾರ್ಸೆಲ್ ಯಾವುದೂ ಇಲ್ಲದಿದ್ದರೂ "ಬಂದಿಲ್ಲ, ನಾಳೆ ಬನ್ನಿ" ಎಂದು ಅವಳೂ ಗಂಭೀರವಾಗಿ ಹೇಳುತ್ತಿದ್ದಳು. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಅವನು ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಅಪ್ಪನ ಮುಂದೆ ಹೋಗಿ ನಿಂತ. ತಮ್ಮ ಆಗ ದೂರದಲ್ಲಿ ಸರ್ವೆ ಕಲಿಯುತ್ತಿದ್ದ, ಅವನಿಗೆ ಇದಾವುದೂ ಗೊತ್ತಿಲ್ಲ.

ಅಪ್ಪ ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೂರಿಸಿದ.

"ನಿನ್ನ ಮನೆತನದ ಹೆಸರೂ ನಮ್ಮದೂ ಒಂದೇ ಕಣಪ್ಪ. ಒಂದೇ ಹೆಸರು ಅಂದ್ರೆ ಒಂದೇ ರಕ್ತ. ಅವಳು ನಿನಗೆ ತಂಗಿ ಆಗಬೇಕು. ಬೇರೆ ಏನಾದ್ರೂ ಆಗೋಕೆ ಹೇಗೆ ಸಾಧ್ಯ, ನೀನೇ ಹೇಳು."

ಅವನಿಗೆ ಮೈಯೆಲ್ಲ ನಾಚಿಕೆಯಾಯಿತು. ಹೇಸಿಗೆಯ ಕೆಲಸವೊಂದನ್ನು ಮಾಡಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. ಅಪ್ಪ ಚಹಾ ತರಿಸಿ, ಬೆನ್ನು ತಟ್ಟಿ, "ಇವತ್ತಿಂದ ನೀನು ಈ ಮನೆ ಮಗ, ಬರ್ತಾ ಹೋಗ್ತಾ ಇರು" ಎಂದ. ಚಹಾ ತಂದಿಟ್ಟವಳು ಅವಳೇ. ಅವನು ಕಣ್ಣೆತ್ತಿ ನೋಡಲಿಲ್ಲ.

ಅಲ್ಲಿಂದ ಅವನು ಆ ಮನೆಯ ಮಗನಾದ. ಮೂರು ವರ್ಷ ಕಳೆದು ಮದುವೆಯಾದ. ಹೆಂಡತಿ ಒಳ್ಳೆಯವಳು, ನಗುನಗುತ್ತಲೇ ಬಾಳಿದರು, ಮಗಳು ಹುಟ್ಟಿದಳು. ಇತ್ತ ಅಂಚೆಯಕ್ಕನಿಗೂ ಅವಳ ಅಪ್ಪ ಗಂಡು ಹುಡುಕಿದ, ಅವಳು ಯಾರನ್ನೂ ಒಪ್ಪಲಿಲ್ಲ. ಕನ್ನಡಕದಣ್ಣ ವಾರವಾರವೂ ಆ ಮನೆಗೆ ಹೋಗುತ್ತಿದ್ದ, ತಂಗಿ ಎಂದು ಬಾಯ್ತುಂಬ ಕರೆಯುತ್ತಿದ್ದ. ಅವಳು ಮಾತ್ರ ಅವನನ್ನು ಅಣ್ಣ ಎಂದು ಒಂದು ಸಲವೂ ಕರೆದವಳಲ್ಲ. ಅವನು ಅದನ್ನು ಗಮನಿಸಿದ್ದ. ಗಮನಿಸಿ, ಮನಸ್ಸಿನಲ್ಲೇ ಇಟ್ಟುಕೊಂಡಿದ್ದ.

ಎರಡು ತಿಂಗಳ ಮೇಲೆ ಸರ್ವೆಯರ್ ಜೋಲುಮುಖ ಹೊತ್ತು ಬಂದ. ಕೈಯಲ್ಲಿದ್ದ ಹಾಳೆಯನ್ನು ಗಾಜಿನ ಮೇಜಿನ ಮೇಲೆ ಹರಡಿದ.

"ಎಲ್ಲ ಮಣ್ಣುಪಾಲಾಯ್ತು ಅಣ್ಣ. ಮೂವತ್ತೇಳು ಗುರುತು ನೋಡಿದ್ದಾರೆ, ಇಪ್ಪತ್ತನಾಲ್ಕು ಹೊಂದಲಿಲ್ಲ. ನಾನು ಪ್ರಯೋಗಾಲಯಕ್ಕೇ ಫೋನ್ ಮಾಡಿ ಕೇಳಿದೆ. ಅಪ್ಪಂದಿರ ಕಡೆಯಿಂದ ಲೆಕ್ಕ ಹಾಕಿದ್ರೆ ಸಾವಿರಾರು ವರ್ಷದ ಈಚೆಗೆ ನಿನಗೂ ನನಗೂ ಏನೇನೂ ಸಂಬಂಧ ಇಲ್ವಂತೆ. ಬೀದೀಲಿ ಹೋಗೋ ಯಾರನ್ನೋ ಹಿಡಿದು ತಂದಿದ್ರೂ ಇಷ್ಟೇ ಆಗ್ತಿತ್ತಂತೆ."

ಕನ್ನಡಕದಣ್ಣ ಹಾಳೆಯನ್ನು ಓದಿದ. ಅಂಕಿಗಳ ಎರಡು ಸಾಲು. ಹೊಂದದ ಕಡೆಯೆಲ್ಲ ಕೆಂಪು. ಇನ್ನೊಮ್ಮೆ ಓದಿದ.

"ಯಾಕಣ್ಣ ಬಿಳಿಚಿಕೊಂಡೆ? ಬೇಜಾರು ಮಾಡ್ಕೋಬೇಡ. ರಕ್ತ ಹೊಂದದಿದ್ರೆ ಏನಾಯ್ತು, ನೀನು ನಮ್ಮಣ್ಣನೇ."

"ಅಕ್ಕನಿಗೆ ನಾನು ಹೇಳ್ತೀನಿ" ಎಂದ ಕನ್ನಡಕದಣ್ಣ. "ನೀನು ಸ್ವಲ್ಪ ಹೊತ್ತು ಅಂಗಡಿ ನೋಡ್ಕೋ."

ನಡು ಮಧ್ಯಾಹ್ನ. ಅಂಚೆಯಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನು ಹಾಳೆಯನ್ನು ಅವಳ ಮುಂದಿಟ್ಟು, ನಿಂತೇ, ತಡವರಿಸುತ್ತ ಎಲ್ಲ ಹೇಳಿದ. ಅವಳು ಹಾಳೆಯನ್ನು ಮುಟ್ಟಲಿಲ್ಲ.

"ಗೊತ್ತು" ಎಂದಳು.

"ಏನು ಗೊತ್ತು? ಇದು ಇವತ್ತು ಬಂದದ್ದು."

"ಅಪ್ಪ ಹೋದಾಗ ಅವರ ಪೆಟ್ಟಿಗೆ ತೆಗೆದೆ. ಅದರಲ್ಲಿ ನಮ್ಮಜ್ಜನ ಕಾಗದ ಇತ್ತು. ಅಜ್ಜ ದಿಕ್ಕಿಲ್ಲದ ಹುಡುಗ ಆಗಿದ್ರಂತೆ. ಯಾವುದೋ ಊರಿನ ಬೇಕರಿಯವರು ಸಾಕಿ, ದಾಖಲೆಗೆ ತಮ್ಮ ಮನೆತನದ ಹೆಸರು ಬರೆಸಿದ್ರು. ಕೆಳಗೆ, ಓದಿದ್ದೇನೆ ಅಂತ ಅಪ್ಪನ ಸಹಿಯೂ ಇತ್ತು. ನೀವು ಬಂದು ಕೇಳೋದಕ್ಕಿಂತ ಎಷ್ಟೋ ವರ್ಷ ಮುಂಚಿನ ತಾರೀಕು."

ಅವನು ಕುರ್ಚಿ ಹಿಡಿದುಕೊಂಡ. "ಅಂದ್ರೆ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಂಗಡಿ ಆಳಿಗೆ ಮಗಳನ್ನ ಕೊಡೋಕೆ ಮನಸ್ಸಿರಲಿಲ್ಲ, ಅಷ್ಟೇ. ಬೇಡ ಅಂದಿದ್ರೆ ನಾನು ಜಗಳ ಆಡ್ತಿದ್ದೆ, ಮನೆ ಬಿಟ್ಟೇ ಬರ್ತಿದ್ದೆ. ಅವರು ರಕ್ತ ಅಂದ್ರು. ರಕ್ತದ ಜೊತೆ ಯಾರು ಜಗಳ ಆಡ್ತಾರೆ?"

"ನನಗೆ ಯಾಕೆ ಹೇಳಲಿಲ್ಲ ನೀನು? ಅಪ್ಪ ಹೋಗಿ ಮೂವತ್ತಾರು ವರ್ಷ!"

"ಕಾಗದ ಸಿಕ್ಕ ವಾರವೇ ಹೇಳೋಕೆ ಅಂತ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ಹೆಂಡತಿ ಬಾಗಿಲು ತೆಗೆದ್ರು. ಮಗೂಗೆ ಆಗ ಆರು ತಿಂಗಳು. ನನ್ನ ತೊಡೆ ಮೇಲೆ ಮಲಗಿಸಿ, ನೋಡು, ನಿಮ್ಮತ್ತೆ ಬಂದ್ಲು, ಅತ್ತೆ ಅನ್ನು, ಅಂದ್ರು." ಅವಳು ಸುಲಿದ ಸಿಪ್ಪೆಯನ್ನು ಒಂದೆಡೆ ಗುಡ್ಡೆ ಮಾಡಿದಳು. "ಆಮೇಲೆ ಏನು ಹೇಳಲಿ? ಅತ್ತೆ ಆಗಿ ಮನೆಗೆ ಬಂದೆ."

ಅವನು ಹಾಳೆಯನ್ನು ಮಡಿಸಿದ.

"ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಆಯ್ತಲ್ಲ. ಆಮೇಲಾದ್ರೂ ಹೇಳಬಹುದಿತ್ತು."

"ಮಣ್ಣು ಮಾಡಿ ಬಂದವರು ಇದೇ ಕುರ್ಚಿ ಮೇಲೆ ಕೂತು ಅತ್ತಿರಿ. ಇನ್ನು ನನಗೆ ಅಂತ ಇರೋದು ತಂಗಿ ನೀನೊಬ್ಬಳೇ, ಅಂದಿರಿ. ಅವತ್ತು ನಿಮಗೆ ಬೇಕಾಗಿದ್ದವಳು ತಂಗಿ. ಅವಳನ್ನೂ ಹೇಗೆ ಕಿತ್ತುಕೊಳ್ಳಲಿ?"

ಅವನು ಅವಳ ಎದುರು ಕೂತ. ಮೇಜಿನ ಮೇಲಿದ್ದ ಅವಳ ಕೈ ಮುಟ್ಟಲು ಹೋದ. ಇಷ್ಟು ವರ್ಷ ಜ್ವರ ಬಂದರೆ, ಸಾವಾದರೆ, ಎಷ್ಟೋ ಸಲ ಹಿಡಿದಿದ್ದ ಕೈ ಅದು. ಈಗ ಹಿಡಿಯಲು ಆಗಲಿಲ್ಲ.

"ಈಗಲಾದ್ರೂ..." ಎಂದ.

ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನನಗೆ ಅಪ್ಪನ ಮೇಲಿನ ಸಿಟ್ಟು ಎಂದೋ ಆರಿತು. ಸುಳ್ಳು ಹೇಳಿದ್ರು, ಸತ್ತರು. ನಿಮ್ಮ ಮೇಲಿನ ಸಿಟ್ಟು ಆರಲಿಲ್ಲ ನೋಡಿ. ನೀವು ಒಂದು ಪ್ರಶ್ನೆ ಕೇಳಲಿಲ್ಲ. ಹೇಗೆ, ಯಾರ ಕಡೆಯಿಂದ, ಎಷ್ಟು ತಲೆಮಾರು, ಏನೂ ಕೇಳಲಿಲ್ಲ. ನಾನು ಚಹಾ ಹಿಡಿದು ಬರೋದರೊಳಗೆ ಒಪ್ಪಿಕೊಂಡುಬಿಟ್ಟಿದ್ರಿ. ಒಂದು ಲೋಟ ಚಹಾ ಕುದಿಯೋಷ್ಟು ಹೊತ್ತು ಕೂಡ ನನಗೋಸ್ಕರ ವಾದ ಮಾಡಲಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳು ಎನ್ನುವಂಥದ್ದು ಒಂದಕ್ಷರವೂ ಇರಲಿಲ್ಲ.

"ಇದುವರೆಗೂ ನಿಮಗೆ ಗೊತ್ತಿಲ್ಲ ಅಂತ ತಡ್ಕೊಂಡಿದ್ದೆ" ಎಂದಳು ಅವಳು, ಮೆಲ್ಲಗೆ. "ಗೊತ್ತಿಲ್ಲದವರ ಮುಂದೆ ಕೂತು ಮಾತಾಡೋದು ಸುಲಭ. ಇನ್ನು ನನ್ನ ಕೈಲಿ ಆಗಲ್ಲ. ಹೋಗಿ."

ಅವನು ಅಂಗಡಿಗೆ ಮರಳಿದ. "ಅಕ್ಕ ಏನಂದ್ಲು?" ಎಂದು ಸರ್ವೆಯರ್ ಕೇಳಿದ. "ಏನೂ ಅನ್ನಲಿಲ್ಲ" ಎಂದು ಸಾಣೆಯ ಮುಂದೆ ಕೂತ. ಸಂಜೆಯವರೆಗೆ ಒಂದೇ ಗಾಜನ್ನು ಸವೆಸಿದ. ಅದು ಚೌಕಟ್ಟಿಗೆ ಕೂರದಷ್ಟು ಸಣ್ಣದಾಗಿತ್ತು.

ರಾತ್ರಿ ಊಟಕ್ಕೆ ಮುಂಚೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟ, ಅವಳ ಅಮ್ಮನನ್ನು ಮದುವೆಯಾದದ್ದಕ್ಕೆ ತಾನು ಒಂದು ದಿನವೂ ಪಶ್ಚಾತ್ತಾಪ ಪಟ್ಟವನಲ್ಲ ಎಂಬುದನ್ನೂ ಸೇರಿಸಿ. ಮಗಳು, "ಅಪ್ಪ, ನನಗೆ ಅವರು ಅತ್ತೆನೇ" ಎಂದಳು. ಆಮೇಲೆ, "ಆದರೆ ನಿಮಗೆ ಏನಾಗಬೇಕು ಅವರು?" ಎಂದು ಕೇಳಿದಳು. ಅವನು ಫೋನ್ ಕೆಳಗಿಟ್ಟ.

ಮುಂದಿನ ಭಾನುವಾರ ಅವನು ಆ ಮನೆಗೆ ಹೋದ. ಅಕ್ಕ ಹೊರಗೆ ಹೋಗಿದ್ದಾಳೆ ಎಂದ ಸರ್ವೆಯರ್. ಅದರ ಮುಂದಿನ ಭಾನುವಾರವೂ ಅದೇ ಮಾತು. ಮೂರನೆಯ ಸಲ ಬಾಗಿಲ ಬಳಿ ಅವಳ ಎರಡು ಜೊತೆ ಚಪ್ಪಲಿಯೂ ಇದ್ದವು. ಅವಳ ಬಳಿ ಇದ್ದದ್ದೇ ಎರಡು ಜೊತೆ. ತಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಾಗಿತ್ತು.

"ನಿಮ್ಮಿಬ್ಬರಿಗೂ ಏನಾಯ್ತಣ್ಣ? ಕೇಳಿದ್ರೆ ಅವಳೂ ಬಾಯಿ ಬಿಡಲ್ಲ."

"ಏನಿಲ್ಲ ಬಿಡು" ಎಂದು ಕನ್ನಡಕದಣ್ಣ ಒಳಗೆ ಬಂದು ಕೂತ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಅವನು ಮೊಮ್ಮಗಳಿಗೆ ಹಲ್ಲು ಬಂದದ್ದು, ಎದುರಿನ ಅಂಗಡಿಯವನು ಸೊಂಟ ಉಳುಕಿಸಿಕೊಂಡದ್ದು, ಅಂಚೆ ಕಚೇರಿಗೆ ಹೊಸ ಬಣ್ಣ ಹೊಡೆಯುತ್ತಿರುವುದು, ಎಲ್ಲವನ್ನೂ ಎದುರಿಗಿದ್ದ ಸರ್ವೆಯರನಿಗೆ ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಒಳಗೆ ಮಂಚ ಒಮ್ಮೆ ಕಿರುಗುಟ್ಟಿತು. ಅವನು ಮಾತು ನಿಲ್ಲಿಸಿ ಕಾದ. ಬಾಗಿಲು ತೆರೆಯಲಿಲ್ಲ.

ಕತ್ತಲಾಗುವ ಮೊದಲು ಎದ್ದ. ಹೊಸ್ತಿಲಲ್ಲಿ ನಿಂತು, "ಮುಂದಿನ ವಾರ ಬರ್ತೀನಿ" ಎಂದು ಮುಚ್ಚಿದ ಬಾಗಿಲ ಕಡೆ ನೋಡುತ್ತ ಹೇಳಿದ. ಸರ್ವೆಯರ್ ತನಗೇ ಹೇಳಿದ್ದೆಂದುಕೊಂಡು, "ಬಾ ಅಣ್ಣ, ಬರದೆ ಇರ್ತೀಯಾ" ಎಂದ.